ಬಣ್ಣದ ಊಟವೇ ಮೇಲು, ಡಬ್ಬಿಯ ಪುಡಿಯಲ್ಲ

"ಇದು ಆ್ಯಂಟಿಆಕ್ಸಿಡೆಂಟ್ ಪುಡಿ. ಸಕ್ಕರೆ ಕಾಯಿಲೆ, ಬಿ.ಪಿ., ಕ್ಯಾನ್ಸರ್ ಎಲ್ಲಾ ವಾಸಿಯಾಗುತ್ತೆ" ಅಂತ ಹೇಳಿ ಮನೆ ಬಾಗಿಲಿಗೇ ತಂದು ಮಾರುವವರಿದ್ದಾರೆ. ಸಂಘದಲ್ಲಿ ತೆಗೆದ ಸಾಲದ ಹಣವನ್ನು ಇದಕ್ಕೆ ಸುರಿಯುವ ತಾಯಂದಿರೂ ಇದ್ದಾರೆ. ಆದ್ದರಿಂದ ಈ ದೊಡ್ಡ ಹೆಸರಿನ ಅರ್ಥ ತಿಳಿದುಕೊಳ್ಳುವುದು ಒಳ್ಳೆಯದು.

ಏನಿದು?

ಮಳೆಗಾಲದಲ್ಲಿ ಕುಡುಗೋಲನ್ನು ಹೊರಗಿಟ್ಟರೆ ತುಕ್ಕು ಹಿಡಿಯುತ್ತೆ. ತೇವದ ಜೊತೆ ಸೇರಿ ಆಮ್ಲಜನಕ ಮಾಡುವ ಕೆಲಸವದು. ನಮ್ಮ ದೇಹ ಆಮ್ಲಜನಕವನ್ನು ಬಳಸುವಾಗಲೂ 'ಫ್ರೀ ರ್‍ಯಾಡಿಕಲ್' ಎಂಬ ಕಣಗಳು ಹುಟ್ಟುತ್ತವೆ. ಬೀಡಿ, ಸಿಗರೇಟಿನ ಹೊಗೆಯಿಂದ ಇವು ಹೆಚ್ಚುತ್ತವೆ. ಮಿತಿ ಮೀರಿದರೆ ಜೀವಕೋಶಗಳಿಗೆ ಹಾನಿ. ಈ ಹಾನಿಯನ್ನು ತಡೆಯುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್‌ಗಳು. ಗಿಡಮರಗಳಲ್ಲಿರುವ ಫ್ಲೇವನಾಯ್ಡ್‌ಗಳು ಈ ಗುಂಪಿಗೆ ಸೇರಿದವು.

ಎಲ್ಲಿ ಸಿಗುತ್ತದೆ?

ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣವೇ ಒಂದು ಫ್ಲೇವನಾಯ್ಡ್. ಈರುಳ್ಳಿ, ನುಗ್ಗೆಸೊಪ್ಪು, ಕಿತ್ತಳೆ, ನಿಂಬೆ, ಚಹಾ ಇವುಗಳಲ್ಲೂ ಬೇರೆ ಬೇರೆ ಬಗೆಯವು ಇವೆ.

ಸಂಶೋಧನೆ ಏನು ಹೇಳುತ್ತದೆ?

ನೆದರ್ಲೆಂಡ್ಸ್‌ನಲ್ಲಿ 805 ಮಂದಿ ವಯಸ್ಸಾದ ಗಂಡಸರ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಚಹಾ, ಈರುಳ್ಳಿ, ಸೇಬುಗಳಿಂದ ಹೆಚ್ಚು ಫ್ಲೇವನಾಯ್ಡ್ ಪಡೆದವರಲ್ಲಿ ಹೃದಯಾಘಾತದಿಂದ ಸತ್ತವರು ಕಡಿಮೆ. ಆದರೆ ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಕಾಣುವ ಶಕ್ತಿ ದೇಹದೊಳಗೆ ಹಾಗೇ ಕಾಣುವುದಿಲ್ಲ. ತಿಂದದ್ದರಲ್ಲಿ ಸ್ವಲ್ಪ ಮಾತ್ರ ರಕ್ತಕ್ಕೆ ಸೇರುತ್ತೆ, ಅದೂ ಬೇಗ ರೂಪ ಬದಲಾಗಿ ಮೂತ್ರದಲ್ಲಿ ಹೋಗುತ್ತೆ.

ಮಾತ್ರೆ ಮಾಡಿ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಬೀಟಾ ಕ್ಯಾರೋಟಿನ್ ಫ್ಲೇವನಾಯ್ಡ್ ಅಲ್ಲ, ಆದರೆ ಅದೂ ಆ್ಯಂಟಿಆಕ್ಸಿಡೆಂಟೇ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರ ಮೇಲೆ ಇಂಥ ಮಾತ್ರೆಗಳ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು!

ನಾವೇನು ಮಾಡಬಹುದು?

* ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಡಿ. ಫ್ಲೇವನಾಯ್ಡ್ ಆ ನೀರಿಗೂ ಇಳಿಯುತ್ತೆ. ಬಸ್ಸಾರು ಮಾಡುವ ನಮ್ಮ ಅಜ್ಜಿಯಂದಿರ ಪದ್ಧತಿ ಸರಿಯಾಗಿಯೇ ಇದೆ.

* ಈರುಳ್ಳಿಯ ಒಣಸಿಪ್ಪೆ ಮಾತ್ರ ತೆಗೆಯಿರಿ. ಹೊರಗಿನ ಪದರಗಳಲ್ಲೇ ಸತ್ವ ಹೆಚ್ಚು.

* ಊಟದ ಜೊತೆಗೇ ಚಹಾ ಬೇಡ. ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಪ್ರತಿ 100 ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ. ಊಟವಾಗಿ ಒಂದು ಗಂಟೆ ಕಳೆದ ಮೇಲೆ ಕುಡಿಯಿರಿ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಸೇರುತ್ತೆ.

* ನೇರಳೆ ಬೀಜದ ಪುಡಿ ಸಿಕ್ಕಿತೆಂದು ಡಾಕ್ಟರು ಕೊಟ್ಟ ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಬೇಡಿ. ಯಾವ ಪುಡಿ ತಗೊಂಡರೂ ಆರೋಗ್ಯ ಕೇಂದ್ರದಲ್ಲಿ ಮೊದಲು ತಿಳಿಸಿ.

ಹಿತ್ತಲಲ್ಲಿ ಒಂದು ನುಗ್ಗೆ, ಒಂದು ನಿಂಬೆ ಗಿಡ ನೆಡಿ. ಪುಡಿಯ ಡಬ್ಬಿಗೆ ಹೋಗುವ ಹಣದಲ್ಲಿ ಮಕ್ಕಳಿಗೆ ಹಣ್ಣು ತನ್ನಿ. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯವನ್ನು ನಾಲ್ಕು ಜನರಿಗೆ ಹೇಳಿ.