ಧ್ಯಾನದಲ್ಲಿ ಕಾಣುವ ಬೆಳಕು, ಕೇಳುವ ನಾದ

ಧ್ಯಾನಕ್ಕೆ ಕುಳಿತ ಕೆಲವರಿಗೆ ಮುಚ್ಚಿದ ಕಣ್ಣೆದುರು ನೀಲಬಿಂದು ಮಿನುಗುತ್ತದೆ; ಕೆಲವರಿಗೆ ದುಂಬಿಯ ಝೇಂಕಾರ ಕೇಳಿಸುತ್ತದೆ. ಮೈ ಜುಮ್ಮೆನ್ನುವುದು, ದೇಹ ತೇಲಿದಂತಾಗುವುದು, ಕಾರಣವಿಲ್ಲದೆ ಕಣ್ಣೀರು ಹರಿಯುವುದು ಇವೂ ಉಂಟು. ಇದರಿಂದ ಒಬ್ಬರು ಹೆದರುತ್ತಾರೆ. ಇನ್ನೊಬ್ಬರು ಸಿದ್ಧಿ ಲಭಿಸಿತೆಂದು ಹಿಗ್ಗುತ್ತಾರೆ. ಎರಡೂ ಅನಾವಶ್ಯಕ.

ಈ ಅನುಭವಗಳನ್ನು ಆಳವಾಗಿ ವಿವೇಚಿಸಿದವರು ನಮ್ಮ ಗಡಿಸೀಮೆಯ ಪರಂಪರೆಯವರೇ. ಜತ್ತ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರು ನಾಮಧ್ಯಾನದ ಮಾರ್ಗವನ್ನು ಬೋಧಿಸಿ, 1914ರಲ್ಲಿ ಇಂಚಗೇರಿಯಲ್ಲಿ ದೇಹವಿಟ್ಟರು. ಅವರ ಶಿಷ್ಯರಾದ ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಜನಿಸಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1957ರಲ್ಲಿ ನಿಂಬಾಳದಲ್ಲಿ ನಿಧನರಾದರು. ಮರಾಠಿ ಸಂತರ, ಕನ್ನಡ ಶರಣರ ಹಾಗೂ ದಾಸರ ವಾಣಿಯಲ್ಲಿ ಬರುವ ಬಣ್ಣ, ರೂಪ, ಬೆಳಕು, ನಾದಗಳ ಅನುಭವವನ್ನು ಅವರು ಬಿಡಿಸಿ ತೋರಿಸಿದರು. ಆದರೆ ಅನುಭಾವದ ಒರೆಗಲ್ಲುಗಳಲ್ಲಿ ನೈತಿಕ ಬೆಳವಣಿಗೆಯನ್ನೂ ಸೇರಿಸಿದರು. ಇಂಥ ಅನುಭವ ಮನಸ್ಸನ್ನು ನೆಲೆನಿಲ್ಲಿಸಲು ನೆರವಾಗುವುದೆಂದು ಪತಂಜಲಿಯೂ ಒಪ್ಪುತ್ತಾನೆ. ಅತೀಂದ್ರಿಯ ಶಕ್ತಿಗಳು ಸಮಾಧಿಗೆ ವಿಘ್ನವೆಂದೂ ಎಚ್ಚರಿಸುತ್ತಾನೆ.

ಇವುಗಳಲ್ಲಿ ಅನೇಕಕ್ಕೆ ದೇಹಧರ್ಮವೇ ಕಾರಣ. ಬಹಳ ಹೊತ್ತು ಮಡಚಿದ ಕಾಲಿನಲ್ಲಿ ನರ ಅದುಮಿ ಜೋಮು ಹಿಡಿಯುತ್ತದೆ. ಉಸಿರಾಟ ರಭಸವಾದರೆ ರಕ್ತದಲ್ಲಿ ಇಂಗಾಲಾಮ್ಲ ಕಡಿಮೆಯಾಗಿ ತುಟಿ, ಬೆರಳುಗಳು ಚುಮುಗುಟ್ಟುತ್ತವೆ. ದೀಪವನ್ನು ದಿಟ್ಟಿಸಿ ಕಣ್ಣು ಮುಚ್ಚಿದಾಗ ಉಳಿಯುವ ಬಣ್ಣದ ಬಿಂಬವು ಅಕ್ಷಿಪಟಲದ ಕೋಶಗಳ ದಣಿವಿನ ಫಲ. ನಿದ್ರೆಯ ಅಂಚಿನಲ್ಲಿ ಮುಖಗಳು ತೇಲಿಬರುವುದೂ, ಮೈ ಥಟ್ಟನೆ ಬೆಚ್ಚುವುದೂ ಸಹಜ. 1953ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಶ್ರವಣದೋಷವಿಲ್ಲದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದರು. ನೂರಕ್ಕೆ 94ರಷ್ಟು ಮಂದಿಗೆ ಒಂದಲ್ಲ ಒಂದು ನಾದ ಕೇಳಿಸಿತು!

ಕಾರಣ ತಿಳಿದ ಮಾತ್ರಕ್ಕೆ ಅನುಭವದ ಬೆಲೆ ಇಳಿಯುವುದಿಲ್ಲ. ತಾಯಿಯ ಕಣ್ಣೀರು ಉಪ್ಪುನೀರೆಂದು ತಿಳಿದರೂ ಅದರ ಅರ್ಥ ಕುಂದುವುದೇ?

ಆದರೆ ಮನೆಯ ಹಿರಿಯರು ಒಂದು ವಿಷಯದಲ್ಲಿ ಜಾಗರೂಕರಾಗಿರಬೇಕು. ಆಸನದಿಂದ ಎದ್ದ ಮೇಲೂ ಧ್ವನಿಗಳು ಆಜ್ಞಾಪಿಸುತ್ತಿದ್ದರೆ, ಹಲವು ರಾತ್ರಿ ನಿದ್ರೆ ಬಾರದಿದ್ದರೆ, ಎಲ್ಲರೂ ತನಗೆ ಕೇಡು ಬಗೆಯುವರೆಂಬ ಭೀತಿ ಹೊಕ್ಕರೆ, ಅದನ್ನು ಕುಂಡಲಿನಿಯ ಜಾಗೃತಿಯೆಂದಾಗಲಿ ದೆವ್ವದ ಕಾಟವೆಂದಾಗಲಿ ಭಾವಿಸಿ ಕಾಲ ಕಳೆಯಬಾರದು. ಅಭ್ಯಾಸ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಠಿಣ. ಮನದ ನೋವನ್ನು ಹೇಳಿಕೊಳ್ಳಲು ತಾಯಿನುಡಿಯೇ ಬೇಕು. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಉಚಿತ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು.

ಉಳಿದವರು ಬೆಳಕು ಕಂಡರೆ ಕಾಣಲಿ, ನಾದ ಕೇಳಿದರೆ ಕೇಳಲಿ; ಮನಸ್ಸನ್ನು ಮೆಲ್ಲನೆ ನಾಮಕ್ಕೋ ಉಸಿರಿಗೋ ಮರಳಿಸಬೇಕು. ಏನೂ ಕಾಣದವರು ಕೊರಗಬೇಕಾಗಿಲ್ಲ. ಮುಂಗೋಪ ತಗ್ಗಿತೇ, ಮನೆಯವರೊಡನೆ ಮಾತು ಮೃದುವಾಯಿತೇ ಎಂಬುದನ್ನು ಮನೆಯವರಿಂದಲೇ ಕೇಳಿ ತಿಳಿಯುವುದು ಲೇಸು.