ಶೇಂಗಾ ಕಾಳಿನಲ್ಲಿ ಪ್ರೋಟೀನು ಕೂಡಿದ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಸಾರಿ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಶೇಂಗಾವನ್ನು ಮಾರುಕಟ್ಟೆಯು ಮುಖ್ಯವಾಗಿ ಎಣ್ಣೆಯ ಲೆಕ್ಕದಲ್ಲೇ ತೂಗುತ್ತ ಬಂದಿದೆಯಾದರೂ, ಕಾಳಿನ ತೂಕದ ಸುಮಾರು ಕಾಲು ಭಾಗದಷ್ಟಿರುವ ಪ್ರೋಟೀನು ಎಣ್ಣೆಗಿಂತಲೂ ಸೂಕ್ಷ್ಮವಾದ ಕೆಲಸದ ಫಲ.

ಈ ಪ್ರೋಟೀನಿನ ಎರಡು ಮುಖ್ಯ ಬಗೆಗಳಿಗೆ ಅರಾಕಿನ್, ಕಾನರಾಕಿನ್ ಎಂಬ ಹೆಸರು 1916ರಲ್ಲೇ ಬಂದಿತ್ತು. ಆದರೆ ಜೀವಕೋಶ ಅವನ್ನು ಹೇಗೆ ಕಟ್ಟುತ್ತದೆಂಬುದು ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1898ರಲ್ಲಿ ಇಟಲಿಯ ಕ್ಯಾಮಿಲೊ ಗಾಲ್ಗಿ ಗೂಬೆಯ ನರಕೋಶದಲ್ಲಿ ಕಂಡ, ಇಂದು ಗಾಲ್ಗಿ ಸಂಕೀರ್ಣವೆಂದು ಕರೆಯುವ ಜಾಲರಿ ನಿಜವೋ ಬಣ್ಣದ ಲೇಪ ತಂದ ಭ್ರಮೆಯೋ ಎಂಬ ವಾದವೇ ದಶಕಗಳ ಕಾಲ ನಡೆಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಅದು ನಿಜವೆಂದು ಖಚಿತವಾಯಿತು. 1955ರಲ್ಲಿ ಜಾರ್ಜ್ ಪಲಾಡೆ ರೈಬೋಸೋಮ್ ಎಂದು ಇಂದು ಕರೆಯುವ ಕಣಗಳನ್ನು ವಿವರಿಸಿದರು. ಪ್ರೋಟೀನು ತಾನು ಸೇರಬೇಕಾದ ತಾಣದ ಗುರುತನ್ನು ತನ್ನಲ್ಲೇ ಹೊತ್ತಿರುತ್ತದೆಂದು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ದೊರೆಯಿತು.

ಶೇಂಗಾ ಕಾಳು ಬಲಿಯುವಾಗ ಅದರ ಬೀಜದಳದ ಕೋಶಗಳಲ್ಲಿ ರೈಬೋಸೋಮುಗಳು ಅಮೈನೋ ಆಮ್ಲಗಳನ್ನು ಪೋಣಿಸುತ್ತಿದ್ದಂತೆಯೇ, ಅರಾಕಿನ್ನಿನ ಎಳೆಯು ಅಂತರ್ದ್ರವ್ಯ ಜಾಲವೆಂಬ ಪೊರೆಗಳ ಹೆಣಿಗೆಯೊಳಗೆ ಇಳಿಯುತ್ತದೆ. ಅಲ್ಲಿ ಅದರ ಮುಂತುದಿಯ ಗುರುತು ಕತ್ತರಿಸಿಹೋಗಿ, ಎಳೆ ಮಡಚಿಕೊಂಡು, ಗಂಧಕದ ಬಂಧಗಳಿಂದ ಬಿಗಿಗೊಂಡು, ಮೂರು ಮೂರಾಗಿ ಜೋಡಿಯಾಗುತ್ತದೆ. ಬಳಿಕ ಅದು ಗಾಲ್ಗಿ ಸಂಕೀರ್ಣದ ಮೂಲಕ ಕಿರುಕೋಶಿಕೆಗಳಲ್ಲಿ ಸಾಗಿ, ಸಂಗ್ರಹದ ರಸದಾನಿಯನ್ನು ಸೇರುತ್ತದೆ. ಪ್ರತಿ ಎಳೆಯೂ ಒಂದು ದೊಡ್ಡ, ಒಂದು ಚಿಕ್ಕ ತುಂಡಾಗಿ ಸೀಳುವುದು ಅಲ್ಲಿಗೆ ತಲುಪಿದ ಮೇಲೆಯೇ. ಗಂಧಕದ ಬಂಧ ಆ ತುಂಡುಗಳನ್ನು ಬಿಡದೆ ಹಿಡಿದಿರುವುದರಿಂದ, ಮೂರರ ಎರಡು ಗುಂಪುಗಳು ಆರಾಗಿ ಕೂಡಿ ದಟ್ಟವಾಗಿ ಅಡಕಗೊಳ್ಳುತ್ತವೆ. ಸೀಳದೆ ಆರರ ಕೂಟ ಕಟ್ಟುವುದಿಲ್ಲವಾದ್ದರಿಂದ, ದಾರಿಯಲ್ಲಿ ಹೆಪ್ಪುಗಟ್ಟದೆ ಸೇರಬೇಕಾದಲ್ಲೇ ಗಟ್ಟಿಯಾಗುವ ಈ ಕ್ರಮ ನಿಜಕ್ಕೂ ಬೆರಗಿನದು. ಬಿತ್ತಿದ ಕಾಳು ತೇವ ಹೀರಿ ಮೊಳೆಯುವಾಗ ಕಿಣ್ವಗಳು ಇದೇ ಸಂಗ್ರಹವನ್ನು ಕರಗಿಸಿ ಎಳೆಸಸಿಗೆ ಸಾರಜನಕ ಒದಗಿಸುತ್ತವೆ.

ಗಾಣದಲ್ಲಿ ಎಣ್ಣೆ ತೆಗೆದ ಮೇಲೂ ಈ ಪ್ರೋಟೀನಿನ ಬಹುಪಾಲು ಹಿಂಡಿಯಲ್ಲೇ ಉಳಿದು ದನಕರುಗಳ ಮೇವಾಗುತ್ತದೆ. ಅದನ್ನು ಮನುಷ್ಯರ ತಟ್ಟೆಗೂ ತರಬೇಕೆಂದು ಹೊರಟ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು 1950ರ ದಶಕದಲ್ಲಿ ಎಣ್ಣೆ ತೆಗೆದ ಶೇಂಗಾ ಹಿಟ್ಟಿನ ಮೂರು ಪಾಲಿಗೆ ಕಡಲೆ ಹಿಟ್ಟಿನ ಒಂದು ಪಾಲು ಬೆರೆಸಿ, ಜೀವಸತ್ವ, ಸುಣ್ಣಾಂಶಗಳನ್ನು ಸೇರಿಸಿ, ಬಹೂಪಯೋಗಿ ಆಹಾರವೊಂದನ್ನು ರೂಪಿಸಿತು.