ಹಿಪ್ಪರಗಾ ಕೆರೆಯ ಅತಿಥಿ



ಚಳಿಗಾಲದ ಒಂದು ಬೆಳಿಗ್ಗೆ ಬಲಿಪೂಜೆ ಮುಗಿಸಿ, ಯುವಕರೊಂದಿಗೆ ಕ್ಯಾಮೆರಾ ಹಿಡಿದು ಸೊಲ್ಲಾಪುರದ ಹಿಪ್ಪರಗಾ ಕೆರೆಗೆ ಹೋದೆವು. ಕೆಂಪು ತಲೆಯ ಪೊಚಾರ್ಡ್ ಬಾತುಗಳು ತೇಲುತ್ತಿದ್ದವು. ಗುರಿಯಿಟ್ಟೊಡನೆ ಮುಳುಗುವವು, ನೀರಡಿಯ ಬೇರು, ಬೀಜ ತಿಂದು ಬೇರೆಲ್ಲೋ ಏಳುವವು. ನಮಗೆ ಸಿಕ್ಕಿದ್ದು ಬರೀ ನೀರಿನ ಉಂಗುರ.

ಹಟದಿಂದ ಇನ್ನೂ ಹತ್ತಿರ ಹೋದೆವು. ಇಡೀ ಗುಂಪು ನೀರಿನ ಮೇಲೆ ಓಡಿ, ಹಾರಿಹೋಯಿತು. ಆಗ ನಾಚಿಕೆಯಾಯಿತು. ಸಾವಿರಾರು ಕಿಲೋಮೀಟರ್ ದೂರದಿಂದ ವಲಸೆ ಬರುವ ಈ ಹಕ್ಕಿ 2015ರಿಂದ ಅಳಿವಿನ ಅಪಾಯವಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ. ದಣಿದು ಬಂದ ಅತಿಥಿಯನ್ನು ಊಟದಿಂದಲೇ ಎಬ್ಬಿಸಿದ್ದೆವು!

ಹಕ್ಕಿಗಳನ್ನು ಗಮನಿಸಲು ಕಲಿಸಿದ ಪ್ರಭು, ಬೆನ್ನಟ್ಟಲು ಕಲಿಸಲಿಲ್ಲ. ಮುಂದಿನ ವಾರ ದಡದಲ್ಲೇ ಸುಮ್ಮನೆ ಕುಳಿತೆವು. ಚಿತ್ರದಲ್ಲಿ ಹಕ್ಕಿ ಚುಕ್ಕೆಯಷ್ಟೇ. ಆದರೆ ಅದು ನೆಮ್ಮದಿಯಾಗಿ ಉಂಡಿತು.